ಚಾರ್ಟ್ ಹಿಡಿದು ಹೇಳಿದವಳು ನಾನು, ಲಸಿಕೆ ಮಾತ್ರ ಹಾಕಿಸಿಕೊಂಡಿಲ್ಲ

ಹಾಸ್ಟೆಲ್ ಹುಡುಗಿ, ದಾವಣಗೆರೆ:
ನಾನು ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ, ವಯಸ್ಸು 21. ಹೋದ ವಾರ ಜಗಳೂರು ಕಡೆಯ ಹಳ್ಳಿಗೆ ಕಮ್ಯುನಿಟಿ ಪೋಸ್ಟಿಂಗ್ ಇತ್ತು. ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಹೇಳಿದೆ, ಎಚ್‌ಪಿವಿ ವೈರಸ್‌ನಿಂದ ಬರುತ್ತದೆ, ಲಸಿಕೆ ಇದೆ, 30 ದಾಟಿದವರು ಪರೀಕ್ಷೆ ಮಾಡಿಸಿ ಅಂತ. ಒಬ್ಬ ಅಜ್ಜಿ ಕೇಳಿದರು, "ನೀ ಹಾಕಿಸ್ಕೊಂಡಿಯೇನವ್ವಾ? ನಿಮ್ಮವ್ವಂಗೆ ಮಾಡ್ಸಿಯೇನು?" ಉತ್ತರವೇ ಬರಲಿಲ್ಲ. ರಾತ್ರಿ ರೂಮಿನ ಮೂವರನ್ನೂ ಕೇಳಿದೆ, ಯಾರೂ ಹಾಕಿಸಿಕೊಂಡಿಲ್ಲ. ಎಕ್ಸಾಮ್‌ನಲ್ಲಿ ಮಾತ್ರ ಆ ವೈರಸ್‌ನ ಅಪಾಯದ ಟೈಪ್ 16, 18 ಅಂತ ತಪ್ಪದೆ ಬರೆಯುತ್ತೇವೆ. ಈ ವಯಸ್ಸಿಗೆ ಹಾಕಿಸಿಕೊಂಡರೆ ಉಪಯೋಗ ಇದೆಯಾ? ಮನೆಯಲ್ಲಿ "ಮದುವೆನೇ ಆಗಿಲ್ಲ, ಈಗ್ಯಾಕೆ" ಅನ್ನುತ್ತಾರೆ. ಅಮ್ಮನಿಗೆ 46.

ದುರ್ಗದ ಸಿಸ್ಟರ್:
ಹಾಕಿಸಿಕೋ ತಂಗಿ. ಮದುವೆಗೆ ಮುಂಚೆ ಹಾಕಿಸಿಕೊಳ್ಳುವುದೇ ಒಳ್ಳೆಯದು, ಯಾಕಂದ್ರೆ ಇದು ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್, ಅದು ಮೈಗೆ ಸೇರುವ ಮೊದಲೇ ಲಸಿಕೆ ಬಿದ್ದಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮನೆಯವರಿಗೂ ಹೀಗೇ ಹೇಳು. ನಿನ್ನ ವಯಸ್ಸಿಗೆ ಮೂರು ಡೋಸ್ ಕೊಡುತ್ತಾರೆ, ಮೊದಲನೆಯದಾದ ಎರಡು ತಿಂಗಳಿಗೆ ಒಂದು, ಆರು ತಿಂಗಳಿಗೆ ಇನ್ನೊಂದು. ನಮ್ಮ ದೇಶದ್ದೇ ಲಸಿಕೆ ಸರ್ವಾವ್ಯಾಕ್ 2023ರಿಂದ ಸಿಗುತ್ತಿದೆ, ಹೊರದೇಶದ ಗಾರ್ಡಸಿಲ್‌ಗಿಂತ ಕಡಿಮೆ ಬೆಲೆ. ಆದರೆ ಒಂದು ಮಾತು, ನೂರರಲ್ಲಿ ಸುಮಾರು 70 ಕೇಸಿಗೆ ಕಾರಣ 16, 18. ಉಳಿದ ಟೈಪ್‌ಗಳೂ ಇವೆಯಲ್ವಾ? ಅದಕ್ಕೇ ಲಸಿಕೆ ಆದವರೂ ಮುಂದೆ ಪರೀಕ್ಷೆ ಬಿಡುವ ಹಾಗಿಲ್ಲ.

ಹೊನ್ನಾಳಿ ಕಡೆಯವಳು:
ನಾನು ಪಿಎಚ್‌ಸಿ ನರ್ಸ್. ಮೊದಲು ಅಮ್ಮನನ್ನು ಪರೀಕ್ಷೆಗೆ ಕರೆದುಕೊಂಡು ಹೋಗಮ್ಮ. ವಿಐಎ ಅನ್ನುವ ಪರೀಕ್ಷೆ ಅಂದರೆ ಗರ್ಭಕಂಠಕ್ಕೆ ಅಸಿಟಿಕ್ ಆಸಿಡ್ ಸವರಿ ಒಂದು ನಿಮಿಷ ಬಿಟ್ಟು ನೋಡುವುದು, ಬೆಳ್ಳಗಾದ ಜಾಗ ಕಂಡರೆ ಮುಂದಿನ ತಪಾಸಣೆ. ಲ್ಯಾಬ್ ಬೇಕಿಲ್ಲ. 30ರಿಂದ 65ರವರೆಗೆ ಐದು ವರ್ಷಕ್ಕೊಮ್ಮೆ. ನಮ್ಮ ಚಿಕ್ಕಮ್ಮನಿಗೆ ಮುಟ್ಟು ನಿಂತು ಆರು ವರ್ಷ ಆದ ಮೇಲೆ ರಕ್ತ ಹೋಗುತ್ತಿತ್ತು, ನಾಚಿಕೆಗೆ ಯಾರಿಗೂ ಹೇಳಲಿಲ್ಲ, ಮನೆಯಲ್ಲೇ ನರ್ಸ್ ಇದ್ದೆ, ನನಗೂ ಹೇಳಲಿಲ್ಲ. ನಾನೂ ಒಂದು ದಿನ ಕೇಳಿದವಳಲ್ಲ. ಗೊತ್ತಾಗುವಾಗ ತುಂಬಾ ಮುಂದುವರೆದಿತ್ತು. ಕ್ಯಾನ್ಸರ್ ಆಗುವುದಕ್ಕೆ ಮುಂಚೆ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಸಮಯ ಇರುತ್ತದೆ, ಆಗ ನೋವೇ ಇರುವುದಿಲ್ಲ. ಆಗ ಹಿಡಿದರೆ ಗುಣ ಆಗುತ್ತದೆ.

ಹಾಸ್ಟೆಲ್ ಹುಡುಗಿ, ದಾವಣಗೆರೆ:
ಅಕ್ಕಂದಿರೇ, ನಿಮ್ಮ ಮಾತು ಓದಿ ಆಗಲೇ ಅಮ್ಮನಿಗೆ ಫೋನ್ ಮಾಡಿದೆ. ಮೊದಲು "ನನಗೇನಾಗೈತಿ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿಳಿ ಸೆರಗು ಜಾಸ್ತಿ ಹೋಗ್ತೈತಿ ಅಂತ ಈಗ ಹೇಳಿದರು. ಶನಿವಾರ ಊರಿಗೆ ಹೋಗುತ್ತಿದ್ದೇನೆ.