‘ಒಂದು ಇಂಚಿನ ಸೆನ್ಸರ್’ ಎಂಬ ಪ್ರಯೋಗ ಸರಿಯೇ?

ಹಾಸನ, ಬೇಲೂರುಗಳ ಹವ್ಯಾಸಿ ಛಾಯಾಗ್ರಾಹಕರಿಗಾಗಿ ಕ್ಯಾಮೆರಾ ಆಯ್ಕೆಯ ಬಗ್ಗೆ ಕಿರು ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದು, ‘ಒಂದು ಇಂಚಿನ ಸೆನ್ಸರ್’ (ಸೆನ್ಸರ್ ಎಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್) ಎಂಬ ಮಾತಿನ ವಿಷಯದಲ್ಲಿ ತಿಳಿದವರ ಅಭಿಪ್ರಾಯ ಬೇಕಾಗಿದೆ. ಕೈಪಿಡಿಯಲ್ಲಿ ಎರಡು ಕ್ಯಾಮೆರಾಗಳ ಹೋಲಿಕೆಯಿದೆ. ಒಂದು, ಈ ‘ಒಂದು ಇಂಚಿನ’ ಸೆನ್ಸರ್ ಇರುವ 20 ಮೆಗಾಪಿಕ್ಸೆಲ್‌ನ ಪುಟ್ಟ ಕ್ಯಾಮೆರಾ. ಇನ್ನೊಂದು, ಎಪಿಎಸ್-ಸಿ ಎಂಬ ಗಾತ್ರದ ಸೆನ್ಸರ್ ಇರುವ, ಲೆನ್ಸ್ ಬದಲಿಸಬಹುದಾದ 24 ಮೆಗಾಪಿಕ್ಸೆಲ್‌ನ ಕ್ಯಾಮೆರಾ. ಎರಡನೆಯದರ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ ಎಂದು ಬರೆದರೆ, ಇಂಚೆಂದರೆ 25.4 ಮಿ.ಮೀ. ಎಂದು ಬಲ್ಲ ಓದುಗರು ಮೊದಲನೆಯದೇ ದೊಡ್ಡದೆಂದು ತಿಳಿಯುವುದು ಸಹಜ. ಅದರ ನಿಜವಾದ ಅಳತೆಯಾದರೋ 13.2 × 8.8 ಮಿ.ಮೀ.; ಮೂಲೆಯಿಂದ ಮೂಲೆಗೆ ಅಳೆದರೂ 16 ಮಿ.ಮೀ. ದಾಟುವುದಿಲ್ಲ.

ಈ ಹೆಸರು ಬಂದದ್ದು ಹಳೆಯ ಟಿ.ವಿ. ಕ್ಯಾಮೆರಾಗಳ ವಿಡಿಕಾನ್ ಕೊಳವೆಯಿಂದ. ಅಲ್ಲಿ ಇಂಚಿನ ಲೆಕ್ಕ ಗಾಜಿನ ಕೊಳವೆಯ ಹೊರವ್ಯಾಸದ್ದು. ಚಿತ್ರ ಮೂಡುವ ಭಾಗದ ಕರ್ಣ ಅದರ ಮೂರರಲ್ಲಿ ಸುಮಾರು ಎರಡು ಪಾಲು. ಕೊಳವೆ ಹೋಗಿ ಚಿಪ್ ಬಂದರೂ ಹೆಸರು ಉಳಿದುಕೊಂಡಿತು. ನಮ್ಮ ಕಾಫಿ ತೋಟಗಳಲ್ಲಿ ‘ಒಂದಿಂಚು’ ಎನ್ನುವ ಜಿ.ಐ. ಪೈಪಿನ ಹೊರವ್ಯಾಸವೂ 33 ಮಿ.ಮೀ.ಗಿಂತ ಹೆಚ್ಚೇ ಇರುತ್ತದೆ, ಆದರೆ ಪೈಪು, ಎಲ್ಬೋ, ವಾಲ್ವ್ ಎಲ್ಲವೂ ಅದೇ ಲೆಕ್ಕದಲ್ಲಿ ಮಾರಾಟವಾಗುವುದರಿಂದ ಕೊಳ್ಳುವವರಿಗೆ ತೊಡಕಿಲ್ಲ. ಕ್ಯಾಮೆರಾದಲ್ಲಿ ಒಂದಕ್ಕೆ ಇಂಚಿನ ಹೆಸರು, ಇನ್ನೊಂದಕ್ಕೆ ಮಿಲಿಮೀಟರಿನ ಅಳತೆ.

ವಿಸ್ತೀರ್ಣದಲ್ಲಿ ಎಪಿಎಸ್-ಸಿ ಸೆನ್ಸರ್ ಮೂರು ಪಟ್ಟಿಗಿಂತ ತುಸು ದೊಡ್ಡದು. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದ ಮಬ್ಬು ಬೆಳಕಿನಲ್ಲಿ, ಒಂದೇ ಅಪರ್ಚರ್ ಮತ್ತು ಒಂದೇ ಶಟರ್ ವೇಗವಿಟ್ಟು ಕಂಬದ ಮದನಿಕೆಯನ್ನು ಚೌಕಟ್ಟಿನ ತುಂಬ ತೆಗೆದರೆ, ಎಪಿಎಸ್-ಸಿ ಸೆನ್ಸರಿಗೆ ಒಟ್ಟಾರೆ ಅಷ್ಟೇ ಪಟ್ಟು ಬೆಳಕು ದಕ್ಕಿ ಚಿತ್ರದಲ್ಲಿ ನಾಯ್ಸ್ (ಕಾಳುಕಾಳಾಗಿ ಕಾಣುವ ಕಲೆ) ಕಡಿಮೆಯಾಗುತ್ತದೆ. ಪುಟ್ಟ ಕ್ಯಾಮೆರಾದ ಲೆನ್ಸ್ ಹೆಚ್ಚು ಅಗಲಕ್ಕೆ ತೆರೆದುಕೊಳ್ಳುವಂಥದಾದರೆ ಈ ಅಂತರ ತಗ್ಗುವುದೂ ಉಂಟು. ಮೆಗಾಪಿಕ್ಸೆಲ್ ಸಂಖ್ಯೆಯಿಂದ ಇದಾವುದೂ ತಿಳಿಯದ ಕಾರಣ, ಗಾತ್ರವನ್ನು ಹೇಳುವ ಮಾತು ತಪ್ಪುದಾರಿಗೆ ಎಳೆಯಬಾರದು.

‘ಇಂಚಿನ’ ಎಂಬ ಷಷ್ಠೀ ರೂಪವು ಅಳತೆಯನ್ನೇ ಹೇಳುವಂತಿರುವುದರಿಂದ ಅದನ್ನು ಕೈಬಿಟ್ಟು, ‘ಒಂದಿಂಚು ಮಾದರಿಯ ಸೆನ್ಸರ್’ ಎಂದು ಬರೆದು, ಮೊದಲ ಸಲ ಬಂದಲ್ಲಿ ಮಿ.ಮೀ. ಅಳತೆಯನ್ನೂ ಕೊಡಬೇಕೆಂದಿದ್ದೇನೆ, ತಯಾರಕರು ‘1.0 ಟೈಪ್’ ಎಂದು ಬರೆಯುವುದರ ಹಿಂದಿರುವುದೂ ಇದೇ ಎಚ್ಚರ. ಆದರೆ ‘ಮಾದರಿ’ ಎಂದೊಡನೆ ಕ್ಯಾಮೆರಾದ ಮಾಡೆಲ್ ನೆನಪಾಗುತ್ತದೆ, ‘ದರ್ಜೆ’ ಎಂದರೆ ಗುಣಮಟ್ಟದ ಮೇಲುಕೀಳಿನ ಅರ್ಥ ಬರುತ್ತದೆ. ಸೆನ್ಸರಿಗೆ ‘ಸಂವೇದಕ’ ಎಂಬ ಪದವನ್ನು ಅಂಗಡಿಯಲ್ಲಿ ಯಾರೂ ಬಳಸರು. ‘ಸೆನ್ಸಾರ್’ ಎಂದು ದೀರ್ಘ ಕೊಟ್ಟರೆ ಸಿನಿಮಾಕ್ಕೆ ಕತ್ತರಿ ಹಾಕುವವರ ನೆನಪಾದೀತೆಂದು ಹ್ರಸ್ವವನ್ನೇ ಇಟ್ಟುಕೊಂಡಿದ್ದೇನೆ. ‘ಮಾದರಿ’ಗಿಂತ ಸ್ಪಷ್ಟವಾದ ಪದ ಬಳಕೆಯಲ್ಲಿದೆಯೇ, ಇಲ್ಲವೇ ಹೆಸರನ್ನೇ ಬಿಟ್ಟು ‘13.2 ಮಿ.ಮೀ. ಅಗಲದ ಸೆನ್ಸರ್’ ಎಂದು ಬರೆಯುವುದು ಲೇಸೇ ಎಂಬುದನ್ನು ದಯವಿಟ್ಟು ತಿಳಿಸಿರಿ.