ಅಮ್ಮನಿಗೆ ಎಎಂಎಲ್: ಕೀಮೋನಾ, ಮಾತ್ರೆನಾ?

ಪ್ರಶ್ನೆ:
ಅಮ್ಮನಿಗೆ 74 ವರ್ಷ, ಹೋದ ವಾರ ಎಎಂಎಲ್ (ಬೇಗ ಬೆಳೆಯುವ ಒಂದು ರಕ್ತದ ಕ್ಯಾನ್ಸರ್) ಅಂತ ಗೊತ್ತಾಯಿತು. ಅಜಾಸಿಟಿಡಿನ್ ಇಂಜೆಕ್ಷನ್ ಜೊತೆ ವೆನೆಟೋಕ್ಲಾಕ್ಸ್ ಮಾತ್ರೆ ಕೊಡೋಣ ಅಂತಾರೆ ಡಾಕ್ಟರು. ಇದು ಸುಮ್ನೆ ಸಮಾಧಾನಕ್ಕಾ?

ಉತ್ತರ 1:
ಖಂಡಿತ ಅಲ್ಲ, ನಿಜವಾದ ಚಿಕಿತ್ಸೆಯೇ. ಏಳು ದಿನ ಸೈಟರಾಬಿನ್, ಅದರಲ್ಲಿ ಮೂರು ದಿನ ಡೌನೋರುಬಿಸಿನ್ ಕೊಡುವ ಜೋರು ಕೀಮೋ ಈ ವಯಸ್ಸಿಗೆ ಎಷ್ಟೋ ಸಲ ಜಾಸ್ತಿ ಆಗುತ್ತದೆ. ನಮ್ಮಪ್ಪನಿಗೂ ನಿಮ್ಮ ಡಾಕ್ಟರು ಹೇಳಿದ ಇಂಜೆಕ್ಷನ್, ಮಾತ್ರೆಯನ್ನೇ ಕೊಟ್ಟರು. ಚಿಕಿತ್ಸೆಯಲ್ಲಿ ಬಿಳಿ ರಕ್ತಕಣ ಇಳಿದಾಗ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಥರ್ಮಾಮೀಟರ್ ನನ್ನ ದಿಂಬಿನ ಪಕ್ಕದಲ್ಲೇ ಇರುತ್ತಿತ್ತು.

ಉತ್ತರ 2:
ಜೀನ್ ಟೆಸ್ಟ್ ರಿಪೋರ್ಟ್ ಬಂತಾ? ಎಫ್‌ಎಲ್‌ಟಿ3, ಐಡಿಎಚ್ ಅನ್ನೋ ಜೀನ್‌ಗಳಲ್ಲಿ ಬದಲಾವಣೆ ಇದ್ದರೆ ಅದಕ್ಕೇ ಬೇರೆ ಮಾತ್ರೆಗಳಿವೆ, ಕೇಳಿ ನೋಡಿ.

ಪ್ರಶ್ನೆ ಕೇಳಿದವರು:
ಇನ್ನೂ ಬಂದಿಲ್ಲ, ನಾಳೆಯೇ ಕೇಳುತ್ತೇನೆ. ಥರ್ಮಾಮೀಟರ್ ಇವತ್ತೇ ತಂದೆ.