‘ವಸ್ತಿ ಮಾಡಿದಳು’ ಅಂದರೆ ನಿಮ್ಮ ಕಡೆ ತಿಳಿಯುತ್ತದೆಯೇ?

ಗೆಳೆಯರೇ, ನಮಸ್ಕಾರ.

ನನ್ನ ಅಕ್ಕನ ಮಗಳು ಅಮೆರಿಕದ ಅಪ್ಪಲಾಚಿಯನ್ ಟ್ರೇಲ್‌ನಲ್ಲಿ ಮೂರು ವಾರ ಒಬ್ಬಳೇ ನಡೆದು ಬಂದಿದ್ದಾಳೆ. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ, 14 ರಾಜ್ಯ ದಾಟಿ ಹೋಗುವ ಸುಮಾರು 3,500 ಕಿ.ಮೀ. ಕಾಲುಹಾದಿ ಅದು. ಇವಳು ನಡೆದದ್ದು ಜಾರ್ಜಿಯಾ ಕಡೆಯ ಒಂದು ತುಂಡು. ಅವಳ ಇಂಗ್ಲಿಷ್ ಡೈರಿಯನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ. ಗದಗಿನ ನಮ್ಮ ಮನೆಯಲ್ಲಿ ರಾತ್ರಿ ಊಟ ಆದ ಮೇಲೆ ಅವ್ವನಿಗೆ ದಿನಾ ಎರಡು ಪುಟ ಓದುತ್ತೇನೆ. ಯಾವ ಪದ ಕೂತಿಲ್ಲ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಮೊದಲ ದಿನ ‘ಕಾಡಿನಲ್ಲಿ ಶಿಬಿರ ಹೂಡಿದಳು’ ಅಂತ ಓದಿದೆ. “ಕಾಡಿನ್ಯಾಗ ಯಾರ ಕಣ್ಣು ನೋಡ್ತಾರ?” ಅಂದಳು ಅವ್ವ. ಅವಳಿಗೆ ಶಿಬಿರ ಅಂದರೆ ಕಣ್ಣಿನ ಪೊರೆ ತೆಗೆಸಿಕೊಂಡ ಜಾಗ. ‘ತಂಗಿದಳು’ ಅಂತ ತಿದ್ದಿದೆ. ತಿಳಿಯಿತು, ಆದರೆ ಪುಸ್ತಕದ ಮಾತಾಯಿತು. ಕೊನೆಗೆ ‘ಆ ರಾತ್ರಿ ಅಲ್ಲೇ ವಸ್ತಿ ಮಾಡಿದಳು’ ಅಂದೆ. “ಹೂಂ, ಮುಂದ ಓದು” ಅಂದಳು.

ನಮ್ಮ ಕಡೆ ವಸ್ತಿ ದಿನಬಳಕೆಯ ಪದ. ರಾತ್ರಿ ಹಳ್ಳಿಗೆ ಬಂದು ನಿಂತು ಬೆಳಗ್ಗೆ ಹೊರಡುವುದು ವಸ್ತಿ ಬಸ್ಸು. ಬೀಗರ ಮನೆಗೆ ಹೋದರೆ “ಇವತ್ತ ವಸ್ತಿ ಇದ್ದು ಹೋಗ್ರಿ” ಅನ್ನುತ್ತಾರೆ. ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆಯುವವರೂ ‘ಇವತ್ತಿನ ವಸ್ತಿ ಎಲ್ಲಿ?’ ಅಂತಲೇ ಕೇಳುವುದು. ವಸತಿ ಅಂದರೆ ಇರುವ ಮನೆ. ವಸ್ತಿ ಅಂದರೆ ಒಂದು ರಾತ್ರಿ ಇದ್ದು, ಬೆಳಕು ಹರಿದರೆ ಎದ್ದು ಹೋಗುವುದು. ಮೂಲ ಮಾತ್ರ ಒಂದೇ. ನಮ್ಮ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಇದೆಯಲ್ಲ, ಆ ‘ಬಸದಿ’ಯೂ ವಸತಿಯಿಂದಲೇ ಬಂದದ್ದು. ಇದು ಹೊಳೆದ ದಿನ ನನಗೆ ತುಂಬಾ ಖುಷಿಯಾಯಿತು.

ಇಲ್ಲೇ ಒಂದು ಅನುಮಾನ. ಆ ಹಾದಿಯುದ್ದಕ್ಕೂ ಅಲ್ಲಲ್ಲಿ ಮೂರೇ ಗೋಡೆಯ, ಮುಂದೆ ಪೂರ್ತಿ ತೆರೆದ ಮರದ ಕಟ್ಟಡಗಳಿವೆ. ಬಂದವರು ಹಲಗೆಯ ಮೇಲೆ ಸಾಲಾಗಿ ಮಲಗುತ್ತಾರೆ. ‘ವಸತಿಗೃಹ’ ಅಂದರೆ ಲಾಡ್ಜ್ ಅನಿಸುತ್ತದೆ. ‘ವಸ್ತಿಮನೆ’ ಅಂತ ಬರೆಯಲೇ? ಮೈಸೂರು, ಮಂಗಳೂರು ಕಡೆಯವರು ಅಚ್ಚಿನ ತಪ್ಪು ಅಂದುಕೊಳ್ಳುತ್ತೀರಾ?

ಕೆಲವು ಪದ ಹುಡುಕಬೇಕಾಗಲೇ ಇಲ್ಲ. ಕರಡಿಗೆ ಸಿಗದ ಹಾಗೆ ಬುತ್ತಿಚೀಲವನ್ನು ಹಗ್ಗದಿಂದ ಎತ್ತರದ ಕೊಂಬೆಗೆ ತೂಗುಹಾಕುತ್ತಾರೆ. ಅದನ್ನು ವಿವರಿಸುತ್ತಿದ್ದಾಗ ಅವ್ವನೇ “ನೆಲುವು ಕಟ್ಟಿದ್ಲು ಅನ್ನು” ಅಂದಳು. ಅಡುಗೆಮನೆಯಲ್ಲಿ ಬೆಕ್ಕಿಗೆ ಸಿಗದಂತೆ ಬೆಣ್ಣೆ ಗಡಿಗೆ ಇಡುತ್ತಿದ್ದ ಅದೇ ನೆಲುವು. ನಡೆಯುವವರಿಗೆ ಅಂತ ಯಾರೋ ರಸ್ತೆ ಬದಿ ನೀರು, ಹಣ್ಣು ಇಟ್ಟು ಹೋಗುವುದಕ್ಕೆ ‘ಅರವಟಿಗೆ’ ಹಾಕಿದ್ದೇನೆ.

ನಿಜವಾಗಿ ಸಿಕ್ಕಿಬಿದ್ದಿರುವುದು ‘ಸೋಲೋ’ದಲ್ಲಿ. ‘ಒಬ್ಬಂಟಿಯಾಗಿ ನಡೆದಳು’ ಅಂತ ಓದಿದಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ನನ್ನ ಕೂಸಿಗೆ ಯಾರೂ ಇರಲಿಲ್ಲೇನು?” ಅಂದಳು. ಒಬ್ಬಂಟಿಯಲ್ಲಿ ದಿಕ್ಕಿಲ್ಲದವಳು ಅನ್ನುವ ಅರ್ಥ ಬಂದು ಕೂತಿದೆ. ಏಕಾಂಗಿಯೂ ಹಾಗೇ. ಇವಳು ಬೇಕಂತಲೇ ಒಬ್ಬಳೇ ಹೋದವಳು. ವಾಕ್ಯದೊಳಗೆ ‘ಒಬ್ಬಳೇ’ ಸಾಕು, ತಲೆಬರಹಕ್ಕೆ ಸಾಲದು. ‘ಒಂಟಿ ನಡಿಗೆ’ ಆಗಬಹುದೇ? ಒಂಟಿ ಸಲಗ ಅನ್ನುವಾಗ ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ, ಅಲ್ವಾ? ಆದರೆ ಆ ಒಂಟಿಯಲ್ಲಿ ಸಿಟ್ಟು ಜಾಸ್ತಿ. ಮರುಕವೂ ಇಲ್ಲದ, ಸಿಟ್ಟೂ ಇಲ್ಲದ ಪದ ನಿಮ್ಮ ಊರಿನ ಮಾತಿನಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಅದನ್ನು ಬಳಸುವ ಒಂದು ವಾಕ್ಯವನ್ನೂ ಬರೆಯಿರಿ, ಅವ್ವನಿಗೆ ಓದಿ ನೋಡುತ್ತೇನೆ.